ಕಿಟಕಿಯಾಚೆ ಮೂರಡಿ

ನಮ್ಮ ಬೀದಿಯ ದರ್ಜಿ ಅಕ್ಕನಿಗೆ ಒಂದೇ ಆಸೆ, ಕಿಟಕಿ ಇರುವ ಮನೆ. ಬಾಡಿಗೆಯ ಒಂಟಿ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹಗಲಲ್ಲೂ ದೀಪ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಊರಾಚೆ ಗಂಡ ಹೆಂಡತಿಯದೊಂದು ಸೈಟೇನೋ ಇದೆ. ಪುರುಸೊತ್ತಾದಾಗಲೆಲ್ಲ ಹೋಗಿ, ಹೊಲಿಗೆ ಯಂತ್ರ ಎಲ್ಲಿಡಬೇಕೆಂದು ನಿಂತು ನೋಡಿ ಬರುತ್ತಾಳೆ. ಹಾಗೆ ಬಂದ ದಿನ ಊಟ ಸೇರುವುದಿಲ್ಲ.

ಮೊನ್ನೆ ಅವಳ ಗಂಡ, ಬಸ್ ಕಂಡಕ್ಟರ್, ಏದುಸಿರು ಬಿಡುತ್ತಾ ಬಂದ.

"ನಗರಸಭೆ ಗಡಿ ನಮ್ಮ ಸೈಟಿನ ತನಕ ಬರುತ್ತಂತೆ ಕಣೇ. ಬಂದ್ಮೇಲೆ ನೂರೆಂಟು ಕಾನೂನು. ಪಕ್ಕದೋರು ಆಗಲೇ ಬೇಲಿ ತನಕ ಗೋಡೆ ಎಬ್ಬಿಸ್ತಿದ್ದಾರೆ. ನಾವೂ ಬೇಗ ಕಟ್ಬಿಡೋಣ."

ಅವನ ತಂಗಿಯೂ ಅಲ್ಲೇ ಇದ್ದಳು. ನಗರಸಭೆಯಲ್ಲಿ ನಕ್ಷೆ ಬರೆಯುವ ಕೆಲಸ ಅವಳದು.

"ಕಟ್ಟು ಅಣ್ಣ, ಆದ್ರೆ ಅತ್ತಿಗೆಗೆ ಕಿಟಕಿ ಎಲ್ಲಿಡ್ತೀಯ?"

"ಪಕ್ಕದ ಗೋಡೇಲಿ."

"ಪಕ್ಕದೋರ ಗೋಡೆ ಅದಕ್ಕೇ ಅಂಟ್ಕೊಂಡಿರುತ್ತಲ್ಲ?"

ತಂಗಿ ಅತ್ತಿಗೆಯ ಕಡೆ ತಿರುಗಿ ಬಿಡಿಸಿ ಹೇಳಿದಳು.

"ಇಷ್ಟು ದಿನ ಆ ಜಾಗ ನಮ್ದಲ್ಲ ಅಂತ ನಗರಸಭೆ, ನಮ್ದೂ ಅಲ್ಲ ಅಂತ ಪಂಚಾಯ್ತಿ. ಚರಂಡಿ ಯಾರು ಮಾಡ್ಬೇಕು? ಗಡಿ ಗೊತ್ತಾದ್ರೆ ಜವಾಬ್ದಾರಿ ಯಾರದು ಅಂತ ಗೊತ್ತಾಗುತ್ತೆ. ಆಮೇಲೆ ಮನೆಗೆಷ್ಟು, ರಸ್ತೆಗೆಷ್ಟು, ಅಂಗಡಿಗೆಷ್ಟು, ಗೋಡೆ ಮಧ್ಯೆ ಬೆಳಕಿಗೆಷ್ಟು ಅಂತ ಜಾಗ ಗೊತ್ತುಮಾಡ್ತಾರೆ. ಅತ್ತಿಗೆ, ನೀವು ಗೆರೆ ಹಾಕದೆ ಬಟ್ಟೆ ಕತ್ತರಿಸ್ತೀರಾ?"

"ಗಿರಾಕಿದಾದ್ರೆ ಇಲ್ಲಮ್ಮ. ನಿಮ್ಮಣ್ಣಂದಾದ್ರೆ ಕತ್ತರಿಸ್ತೀನಿ," ಎಂದು ಅಕ್ಕ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. "ಇನ್ನೂ ಎಷ್ಟು ದಿನ ಕಾಯ್ಲಿ?"

"ಒಂದು ವರ್ಷ ಆಗ್ಬಹುದು ಅತ್ತಿಗೆ. ಸುಳ್ಳು ಹೇಳಲ್ಲ."

ಮರುದಿನ ಮೂವರೂ ಕಚೇರಿಗೆ ಹೋದರು. ಹೊಸ ಗಡಿಯ ಕರಡು ನಕ್ಷೆಯನ್ನು ಗೋಡೆಗೆ ತೂಗುಹಾಕಿದ್ದರು. ಅವರ ಸೈಟೇನೋ ಸಿಕ್ಕಿತು, ಆದರೆ ನಕ್ಷೆಯಲ್ಲಿ ಅದರ ಮುಂದೆ ರಸ್ತೆಯೇ ಇರಲಿಲ್ಲ. ಕಂಡಕ್ಟರನ ಮುಖ ಸಪ್ಪಗಾಯಿತು. ಅಲ್ಲೇ ಕೂತು, ರಸ್ತೆ ಬೇಕೆಂದು ಆಕ್ಷೇಪಣೆ ಬರೆದ. ಸಂಜೆ ಪಕ್ಕದವರ ಅರ್ಧ ಎದ್ದ ಗೋಡೆಯ ಮುಂದೆ ನಿಂತು, ಬಸ್ಸು ನಿಲ್ಲಿಸಲು ಕೂಗುವಂತೆಯೇ "ಹೋಲ್ಡಾನ್" ಎಂದ. ಅವರು ನಕ್ಕರು, ಹೇಳಿದ್ದನ್ನು ಕೇಳಿ ಕೆಲಸ ನಿಲ್ಲಿಸಿದರು, ಆಕ್ಷೇಪಣೆಗೆ ತಮ್ಮ ಸಹಿಯನ್ನೂ ಹಾಕಿದರು.

ಅಕ್ಕ ಈಗಲೂ ದೀಪ ಹಾಕಿಕೊಂಡೇ ಹೊಲಿಯುತ್ತಾಳೆ. ಸೈಟಿನಲ್ಲಿ, ಕಿಟಕಿಯ ಗೋಡೆ ಇಲ್ಲಿ ಬರಲಿ ಎಂದು ಬೇಲಿಯಿಂದ ಮೂರಡಿ ಒಳಗೆ ದಾರ ಕಟ್ಟಿ ಬಂದಿದ್ದಾಳೆ.

ಕಾಯುವುದು ಕಷ್ಟ, ನಮಗೂ ಗೊತ್ತು. ಆದರೂ ನಿಮ್ಮೂರಿನ ಗಡಿಯ ಕರಡು ನಕ್ಷೆ ಬಂದಾಗ ಹೋಗಿ ನೋಡಿ. ನಿಮ್ಮ ಜಾಗ ಹುಡುಕಿ. ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ಕೊನೆಯ ದಿನದೊಳಗೆ ಬರೆದು ಕೊಡಿ. ಗಡಿ, ಜಾಗ ಗೊತ್ತಾಗುವವರೆಗೆ ಪಾಯ ತೋಡಬೇಡಿ. ಕಟ್ಟುವಾಗ ಬೆಳಕಿಗೆಂದು ಜಾಗ ಬಿಡಿ, ಪಕ್ಕದವರಿಗೂ ಬಿಡಲು ಹೇಳಿ. ನೀವೊಬ್ಬರೇ ಬಿಟ್ಟರೆ ಸಾಲದು.