ಮುಟ್ಟಿದೆ ಎಂದು ಬರೆದವಳು ನಾನೇ

ಚರಂಡಿ ಕಟ್ಟಿಕೊಂಡಾಗ ಮಾತ್ರ ಈ ಊರಿಗೆ ನಮ್ಮ ನೆನಪಾಗುತ್ತದೆ. ನಾವು ಹನ್ನೊಂದು ಜನ ಹೆಂಗಸರು, ನಗರಸಭೆಯ ಚರಂಡಿ ಕೆಲಸದವರು. ಮಾರ್ಕೆಟ್ಟಿನ ಹಿಂದಿನ ಗಲ್ಲಿ ನನ್ನ ಮತ್ತು ನನ್ನ ಅಕ್ಕನ ಪಾಲಿನದು. ಅಲ್ಲಿ ಮೊಣಕಾಲುದ್ದದ ಕೆಸರಿಗೆ ರಬ್ಬರ್ ಚಪ್ಪಲಿಯಲ್ಲೇ ಇಳಿಯುತ್ತೇವೆ. ಒಳಗೆ ಮೊಳೆ ಇದೆಯೋ ಗಾಜು ಇದೆಯೋ, ಚುಚ್ಚಿದ ಮೇಲೇ ಗೊತ್ತಾಗುವುದು.

ಹೋದ ವರ್ಷ ಒಂದು ಬೆಳಿಗ್ಗೆ ನಗರಸಭೆ ಸ್ಟೋರಿನವನು ಒಂದು ಜೊತೆ ಗಮ್‌ಬೂಟು ತಂದು ಮೇಜಿನ ಮೇಲಿಟ್ಟ. "ನೋಡ್ರಮ್ಮಾ, ಎಲ್ಲರಿಗೂ ಇಂಥದ್ದೇ ಬರುತ್ತೆ. ಮುಟ್ಟಿ ನೋಡಿ" ಅಂದ.

ಹನ್ನೊಂದು ಜನವೂ ಮುಟ್ಟಿ ನೋಡಿದೆವು. ಅಕ್ಕ ಮೊಣಕೈವರೆಗೆ ಕೈ ತೂರಿಸಿ, "ಇದನ್ನ ಹಾಕ್ಕೊಂಡು ಮನೆಗೆ ಹೋದ್ರೆ ನಮ್ಮನೆಯವರು ಯಾರೋ ಇನ್ಸ್‌ಪೆಕ್ಟರ್ ಬಂದ್ರು ಅಂತ ಎದ್ದು ನಿಲ್ತಾರೆ" ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅವನು ಪುಸ್ತಕ ಬಿಚ್ಚಿದ. "ಹೆಸರಿನ ಮುಂದೆ ಮುಟ್ಟಿದೆ ಅಂತ ಬರೀರಿ."

ಬರೆಯಲು ಬರುವವಳು ನಾನೊಬ್ಬಳೇ. ಅದೊಂದು ಜಂಬ ನನಗೆ. ಹನ್ನೊಂದು ಹೆಸರಿನ ಮುಂದೂ ಗುಂಡಗೆ "ಮುಟ್ಟಿದೆ" ಎಂದು ಬರೆದೆ. ಉಳಿದವರು ಹೆಬ್ಬೆಟ್ಟು ಒತ್ತಿದರು. ಮುಟ್ಟಿದ್ದು ನಿಜ ತಾನೇ? ಸಾಮಾನು ಬಂದು ಕೈ ಸೇರಿತು ಎನ್ನುವುದಕ್ಕೂ ಅದೇ ಮಾತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೂಟು ಬರಲಿಲ್ಲ. ಕೇಳಿದಾಗಲೆಲ್ಲ "ದಾರೀಲಿದೆ" ಅಂದ. ಕೇಳಿ ಕೇಳಿ ಸುಮ್ಮನಾದೆವು.

ಮೂರು ತಿಂಗಳ ಹಿಂದೆ ಅಕ್ಕನ ಅಂಗಾಲಿಗೆ ಬಾಟಲಿ ಚೂರು ಹೊಕ್ಕಿತು. "ಏನಾಗಲ್ಲ ಬಿಡೇ" ಎಂದು ಬಟ್ಟೆ ಸುತ್ತಿಕೊಂಡು ಎರಡು ದಿನ ಕೆಲಸಕ್ಕೆ ಬಂದಳು. ಮೂರನೇ ದಿನ ಕಾಲು ಊದಿಕೊಂಡು ಕಪ್ಪಾಯಿತು. ಆಸ್ಪತ್ರೆಯಲ್ಲಿ ಪಾದ ಕತ್ತರಿಸಿದರು. ಪರಿಹಾರ ಕೇಳಿ ಅರ್ಜಿ ಕೊಟ್ಟರೆ ಆಫೀಸಿನಿಂದ ಬಂದ ಉತ್ತರ ಇಷ್ಟೇ: ಬೂಟು ಕೊಟ್ಟಿದ್ದೇವೆ, ಹಾಕಿಕೊಳ್ಳದೆ ಇಳಿದದ್ದು ಕೆಲಸದವರ ತಪ್ಪು. ಅಕ್ಕನನ್ನು ಕೆಲಸದಿಂದಲೂ ತೆಗೆದಿದ್ದರು.

ಆ ಕಾಗದ ಹಿಡಿದು ನಾನೂ ಭಾವನೂ ಊರಿನ ಲೈಬ್ರರಿ ನೋಡಿಕೊಳ್ಳುವ ಮೇಡಂ ಹತ್ತಿರ ಹೋದೆವು. ಅವರು ಓದಿ, ಕಂಪ್ಯೂಟರಿನಲ್ಲಿ ನಗರಸಭೆಯ ಖರೀದಿ ಪಟ್ಟಿ ತೆಗೆದರು. ಭಾವನಿಗೆ ರೇಗಿತು. "ಬರೆಯೋರೂ ಅವರೇ, ಹಾಕೋರೂ ಅವರೇ. ಅದರಲ್ಲಿ ನಮಗೇನಿದೆ ಮೇಡಂ?"

"ಎಲ್ಲರ ಕಣ್ಣಿಗೂ ಬೀಳಲಿ ಅಂತಾನೇ ಹಾಕೋದು ಅಣ್ಣಾ. ಏನು ಕೊಂಡ್ರು, ಯಾರಿಂದ, ಎಷ್ಟಕ್ಕೆ, ಯಾರ ಕೈ ಸೇರಿತು, ಎಲ್ಲಾ ಇದೆ. ಪಕ್ಕದ ಊರಿನವರು ಇದೇ ಬೂಟನ್ನ ಅರ್ಧ ಬೆಲೆಗೆ ತಗೊಂಡಿದ್ದಾರೆ, ನೋಡಿ." ಮೇಡಂ ಬೆರಳಿಟ್ಟು ಓದಿದರು. "ಗಮ್‌ಬೂಟು, ಹನ್ನೊಂದು ಜೊತೆ. ಹನ್ನೊಂದು ಜನರಿಗೆ ಮುಟ್ಟಿದೆ. ದೂರು, ಇಲ್ಲ."

"ದೂರು ಇಲ್ಲ ಅಂದ್ರೆ?"

"ಪಟ್ಟಿ ಹಾಕಿ ಮೂವತ್ತು ದಿನ ಕಾಯ್ತಾರೆ. ನಮಗೆ ಬಂದಿಲ್ಲ ಅಂತ ಒಬ್ಬರು ಬರೆದ್ರೂ ಮಾಲು ಕೊಟ್ಟವನ ಬಿಲ್ಲು ತಡೆದು ವಿಚಾರಿಸ್ತಾರೆ. ಇದನ್ನ ಹಾಕಿ ಒಂಬತ್ತು ತಿಂಗಳಾಯ್ತು. ಯಾರೂ ಬರೆದಿಲ್ಲ."

ಅವರು ಸ್ಟೋರಿನ ಪುಸ್ತಕದ ಫೋಟೊ ಇದ್ದ ಇನ್ನೊಂದು ಪುಟ ತೆರೆದರು. ಪರದೆಯ ತುಂಬ ನನ್ನ ಗುಂಡಗಿನ ಅಕ್ಷರ.

"ಇದು ಯಾರು ಬರೆದಿದ್ದು?" ಭಾವ ಕೇಳಿದ.

"ನಾನೇ ಭಾವ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತುಬಿಟ್ಟ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಡಂ ದೂರು ಬರೆದುಕೊಟ್ಟರು. "ಅವಧಿ ಮುಗಿದಿದೆ. ಏನಾಗುತ್ತೋ ಹೇಳಕ್ಕಾಗಲ್ಲ" ಎಂದೂ ಹೇಳಿದರು. ಇವತ್ತಿನವರೆಗೆ ಉತ್ತರವಿಲ್ಲ. ಅಕ್ಕನ ಕೆಲಸವೂ ಮರಳಿ ಸಿಕ್ಕಿಲ್ಲ.

ಆವತ್ತು ಅದೇ ಪಟ್ಟಿಯ ಕೊನೆಯಲ್ಲಿ ಹೊಸದೊಂದು ಸಾಲು ಇತ್ತು. ರಬ್ಬರ್ ಗ್ಲೌಸು, ಮುಟ್ಟಿದೆ. ಅದೂ ನಮ್ಮ ಕೈಗೆ ಬಂದಿರಲಿಲ್ಲ, ಈ ಸಲ ಪುಸ್ತಕವನ್ನೂ ನಮಗೆ ತೋರಿಸಿರಲಿಲ್ಲ. ಮೂವತ್ತು ದಿನ ಮುಗಿಯಲು ಇನ್ನೂ ಆರು ದಿನ ಉಳಿದಿತ್ತು. "ಇದಕ್ಕಾದ್ರೂ ಬರೀ ತಾಯಿ. ಇನ್ಮೇಲೆ ವಾರವಾರ ನಾನೇ ಬಂದು ಓದಿಸ್ಕೊಂಡು ಹೋಗ್ತೀನಿ" ಅಂದ ಭಾವ. ಬರೆದೆವು. ನಾಲ್ಕನೇ ದಿನ ಗ್ಲೌಸು ಬಂತು, ಒಬ್ಬೊಬ್ಬರಿಗೂ ಸರಿಯಾದ ಅಳತೆಯದೇ.

ಸಂಜೆ ಅಕ್ಕನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು. "ಆವತ್ತೂ ಇಷ್ಟೇ ಮಾಡಿದ್ರೆ ಸಾಕಿತ್ತೇನೇ?"

"ಸಾಕಿತ್ತು ಅಕ್ಕ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಶಾಲೆಗೆ, ಆಸ್ಪತ್ರೆಗೆ, ನಿಮ್ಮ ಕೈಕಾಲಿಗೆ ಅಂತ ಸರ್ಕಾರ ಏನೇನು ಕೊಂಡಿದೆ ಎಂಬ ಪಟ್ಟಿ ಎಲ್ಲರೂ ನೋಡಲೆಂದೇ ಇದೆ. ಓದು ಬಾರದಿದ್ದರೆ ಬರುವವರಿಂದ ಓದಿಸಿ. ಬಾರದ ಸಾಮಾನು ಬಂದಿದೆ ಎಂದಿದ್ದರೆ ದಿನ ಮುಗಿಯುವ ಮೊದಲೇ ಬರೆದು ಹಾಕಿ. ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು, ಇದರ ಅರ್ಥ ಏನಪ್ಪಾ ಎಂದು ಕೇಳಲು ನಾಚಿಕೆ ಬೇಡ. ನಾನು ಒಂಬತ್ತು ತಿಂಗಳು ನೋಡಲಿಲ್ಲ. ನೀವು ಈ ವಾರವೇ ನೋಡಿ.