ಹಗಲು ಬಿಚ್ಚಿದ ಹಾಸಿಗೆ

ಆ ಮನೆಯಲ್ಲಿ ಬೆಳಗು ಶುರುವಾಗುತ್ತಿದ್ದುದು ಹಾಸಿಗೆ ಸುತ್ತುವುದರಿಂದ. ಎದ್ದ ಕೂಡಲೇ ಅತ್ತೆ, ಸೊಸೆ ಇಬ್ಬರೂ ತಮ್ಮ ತಮ್ಮ ಹಾಸಿಗೆಯನ್ನು ಬಿಗಿಯಾಗಿ ಸುತ್ತಿ, ಹುರಿಯಿಂದ ಕಟ್ಟಿ, ಸ್ಟೂಲು ಹತ್ತಿ ಬೀರುವಿನ ಮೇಲಿಡಬೇಕು. ಅದು ಕೆಳಗಿಳಿಯುವುದು ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆಯೇ. ಗಂಡಸರ ಹಾಸಿಗೆಗೆ, ಮಕ್ಕಳ ಹಾಸಿಗೆಗೆ ಈ ಕಟ್ಟಳೆಯಿಲ್ಲ. ಅವು ದಿನವಿಡೀ ಮೂಲೆಯಲ್ಲಿ ಬಿದ್ದುಕೊಂಡಿದ್ದರೂ ಯಾರೂ ಕೇಳುವವರಿಲ್ಲ. ಮನೆಯ ಹೆಂಗಸು ಹಗಲಲ್ಲಿ ಹಾಸಿಗೆ ಬಿಚ್ಚಿದರೆ ಕಾಯಿಲೆ ಬಂದು ಅದರ ಮೇಲೆ ಕೂರುತ್ತದೆ, ಆಮೇಲೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ಇದನ್ನು ಮೊದಲು ಹೇಳಿದವರು ಯಾರು ಎಂದು ಹೆಂಗಸರು ಕೇಳಲಿಲ್ಲ, ಅವರಿಗೆ ಪುರುಸೊತ್ತಿರಲಿಲ್ಲ. ಪುರುಸೊತ್ತಿದ್ದ ಗಂಡಸರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಈಗ ಆ ಮನೆಯಲ್ಲಿದ್ದ ಗಂಡಸು ಲಿಫ್ಟ್ ರಿಪೇರಿ ಮಾಡುವವನು. ಬೀದಿಯವರಿಗೆಲ್ಲ ಅವನು ಲಿಫ್ಟಿನವನು. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಮಕ್ಕಳೆಂದರೆ ಜೀವ ಬಿಡುವವನು. ಹೆಂಡತಿಯ ಮೇಲೂ ಪ್ರೀತಿಯೇ. ಆದರೆ ಅವಳು ಹಗಲೆಲ್ಲ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ.

ಅವನ ಅಮ್ಮನ ಬಾಯಲ್ಲಿ ಸದಾ ಅವನ ಚಿಕ್ಕಮ್ಮನ ಮಾತು. ಚಿಕ್ಕಮ್ಮ ಎಂದರೆ ಅಮ್ಮನ ಓರಗಿತ್ತಿ. ಅವನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಮೈ ಸುಡುವ ಜ್ವರದಲ್ಲೇ ಬಟ್ಟೆ ಒಗೆಯುತ್ತಿದ್ದಾಗ, ಬಕೆಟ್ಟಿನ ಪಕ್ಕ ಕುಸಿದು ತೀರಿಕೊಂಡವಳು. "ಕೊನೇ ಗಳಿಗೆವರೆಗೂ ಹಾಸಿಗೆ ಹಿಡೀಲಿಲ್ಲ ನೋಡಿ, ಪುಣ್ಯವಂತೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುವಳು. ಬಂದವರೂ ಹೌದೌದೆಂದು ತಲೆದೂಗುವರು. ಬದುಕಿದ್ದಾಗ ಒಂದು ಲೋಟ ನೀರು ಕೊಡದವರೂ ಸತ್ತ ಮೇಲೆ ಧಾರಾಳವಾಗಿ ಹೊಗಳುತ್ತಾರೆ.

ಜ್ವರವನ್ನು ಮನೆಗೆ ತಂದವಳು ಮಗಳು ಚಿನಕುರಳಿ. ಹೊಸದಾಗಿ ಶಾಲೆಗೆ ಸೇರಿದ್ದ ಅವಳು ಅಲ್ಲಿಂದ ದಿನಕ್ಕೊಂದು ತರುತ್ತಿದ್ದಳು: ಯಾರದೋ ಅಂಗಿಯ ಗುಂಡಿ, ಮೊಂಡು ಪೆನ್ಸಿಲು, ಒಂದು ಹೊಸ ಬೈಗುಳ. ಈ ಸಲ ತಂದದ್ದು ಫ್ಲೂ. ಅದನ್ನು ಗೋಡೆ ಹಿಡಿದು ನಡೆಯುವ ತಮ್ಮ ಗುಂಡನಿಗೂ ಹಂಚಿದಳು. ಹೆಂಡತಿ ಇಬ್ಬರನ್ನೂ ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿಬಂದಳು. ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಬೇಕು, ಔಷಧಿಯನ್ನು ಅವರು ಬರೆದ ಅಳತೆಗೆ ಸರಿಯಾಗಿ ಕೊಡಬೇಕು, ಉಸಿರಾಟ ಜೋರಾದರೆ, ಕುಡಿಯುವುದನ್ನೇ ಬಿಟ್ಟರೆ ಆ ಕ್ಷಣ ಕರೆದುಕೊಂಡು ಬರಬೇಕು. ಇಷ್ಟನ್ನೂ ಅವಳು ಗಂಡನಿಗೆ ಒಪ್ಪಿಸಿದಳು. ಹೇಳುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವನು ಅದನ್ನು ಗಮನಿಸಲಿಲ್ಲ.

ಆಮೇಲೆ ಒಂದು ದಿನ ಲಿಫ್ಟಿನ ತಲೆಯ ಮೇಲೆ ಕೂತು ತಂತಿ ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದ ಅವನಿಗೆ ಸ್ಪ್ಯಾನರ್ ಇದ್ದಕ್ಕಿದ್ದಂತೆ ಭಾರವೆನಿಸಿತು. ಹಲ್ಲು ಕಟಕಟ ಎಂದವು. ಮೇಸ್ತ್ರಿ ಅವನ ಮುಖ ನೋಡಿ ಮನೆಗೆ ಅಟ್ಟಿದ. ಬಾಗಿಲು ತೆರೆದ ಅಮ್ಮ ಹಣೆ ಮುಟ್ಟಿ ನೋಡಿ, ನಡುಮಧ್ಯಾಹ್ನ ಎಂಬುದನ್ನೂ ಲೆಕ್ಕಿಸದೆ ಅವನ ಹಾಸಿಗೆ ಹಾಸಿ, ಕಂಬಳಿ ಹೊದಿಸಿದಳು. ಮನೆಯೇ ಪಿಸುಮಾತಿಗಿಳಿಯಿತು.

ಮೈಯ ಒಂದೊಂದು ಕೀಲನ್ನೂ ಯಾರೋ ಬಿಚ್ಚಿಟ್ಟ ಹಾಗಿತ್ತು. ಪಕ್ಕಕ್ಕೆ ಹೊರಳುವುದೆಂದರೂ ಎರಡು ಸಲ ಯೋಚಿಸಬೇಕು. ಅಂಥ ಸ್ಥಿತಿಯಲ್ಲಿ, ನೆಲದ ಮಟ್ಟದಲ್ಲಿ ಮಲಗಿದ್ದವನಿಗೆ ಅವನು ಎಂದೂ ನೋಡಿರದ ಒಂದು ವಸ್ತು ಕಂಡಿತು. ಅದು ಅವನ ಹೆಂಡತಿಯ ಪಾದ.

ಆ ಪಾದಗಳು ಅಡುಗೆಮನೆಯಿಂದ ಬಂದು ಚಿನಕುರಳಿಯ ಬಳಿ ನಿಂತವು. ಚಮಚ ಲೋಟಕ್ಕೆ ತಾಗಿದ ಸದ್ದಾಯಿತು. ಅಲ್ಲಿಂದ ಬಚ್ಚಲಿಗೆ ಹೋಗಿ ಒದ್ದೆಯಾಗಿ ಬಂದವು. ಗುಂಡ ವಾಂತಿ ಮಾಡಿದ. ಪಾದಗಳು ಓಡಿ ಬಂದವು, ಮಡಚಿಕೊಂಡವು, ನೆಲ ಒರೆಸುವ ಬಟ್ಟೆ ಅವುಗಳ ಪಕ್ಕ ಹರಿದಾಡಿತು. ಮತ್ತೆ ಎದ್ದವು. ಏಳುವಾಗ ಮಾತ್ರ ಎಡಗಾಲು ಒಮ್ಮೆ ನಡುಗುತ್ತಿತ್ತು. ಪ್ರತಿ ಸಲವೂ ನಡುಗುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವನಿಗೆ ಹೊಳೆಯಿತು: ಅವಳಿಗೂ ಜ್ವರವಿದೆ.

"ಅಪ್ಪಾ" ಎಂದಳು ಪಕ್ಕದ ಹಾಸಿಗೆಯಿಂದ ಚಿನಕುರಳಿ, ಗುಟ್ಟು ಹೇಳುವವಳಂತೆ. "ಅಮ್ಮನೂ ಮಲಗ್ಬೇಕು ಅಂತ ಡಾಕ್ಟರಮ್ಮ ಹೇಳಿದ್ರು. ಅಮ್ಮ ಅದೊಂದನ್ನ ನಿಂಗೆ ಹೇಳಲೇ ಇಲ್ಲ."

ಇದೇ ಜ್ವರ, ಇದೇ ಕೀಲುನೋವು. ಅವನನ್ನು ಕೊರಡಿನಂತೆ ಕೆಡವಿದ್ದನ್ನು ಹೊತ್ತುಕೊಂಡು ಆ ಹೆಂಗಸು ಒರೆಸುತ್ತಿದ್ದಾಳೆ, ಒಗೆಯುತ್ತಿದ್ದಾಳೆ, ಉಣಿಸುತ್ತಿದ್ದಾಳೆ, ನಡುವೆ ಮಗಳಿಗೆ ಕತೆಯನ್ನೂ ಹೇಳುತ್ತಿದ್ದಾಳೆ. ಎತ್ತರದ ಕಟ್ಟಡಗಳ ನೆತ್ತಿಯಿಂದ ಕೆಳಗೆ ನೋಡಿದಾಗಲೂ ಅವನಿಗೆ ಇಂಥ ಬೆರಗು ಹುಟ್ಟಿರಲಿಲ್ಲ. ಬೆರಗಿನ ಹಿಂದೆಯೇ ಭಯವೂ ಬಂತು. ಬಕೆಟ್ಟಿನ ಪಕ್ಕ ಕುಸಿದಿದ್ದ ಚಿಕ್ಕಮ್ಮನ ಪಾದಗಳೂ ಹೀಗೇ ನಡುಗಿರಬೇಕಲ್ಲವೇ?

ಅಷ್ಟರಲ್ಲಿ ಪಾದಗಳ ಓಡಾಟ ನಿಂತಿತು. ಅವನು ತಲೆ ಎತ್ತಿ ನೋಡಿದ. ಹೆಂಡತಿ ಗೋಡೆಗೊರಗಿ, ಗುಂಡನನ್ನು ಸೊಂಟದ ಮೇಲಿಟ್ಟುಕೊಂಡು, ನಿಂತಲ್ಲೇ ಕಣ್ಣು ಮುಚ್ಚಿದ್ದಳು. ಸೊಂಟದ ಮೇಲಿನ ಕೈ ಸಡಿಲವಾಗುತ್ತಿತ್ತು. ಮಗು ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತಿತ್ತು.

ಹೇಗೆ ಎದ್ದನೋ ಅವನಿಗೇ ಗೊತ್ತಿಲ್ಲ. ಮಗುವಿನ ತಲೆ ನೆಲಕ್ಕೆ ತಾಗುವ ಮೊದಲು ಅವನ ಅಂಗೈ ಅದರ ಕೆಳಗಿತ್ತು. ಹೆಂಡತಿ ಬೆಚ್ಚಿ ಕಣ್ಣು ಬಿಟ್ಟವಳೇ, "ಇಲ್ಲ, ನಿದ್ದೆ ಮಾಡ್ಲಿಲ್ಲ ರೀ" ಎಂದು ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಸಮಜಾಯಿಷಿ ಕೊಟ್ಟಳು. ಆ ಮಾತಿಗೆ ಅವನ ಕಣ್ಣು ತುಂಬಿತು. ಅವನು ಗುಂಡನನ್ನು ಚಿನಕುರಳಿಯ ಪಕ್ಕ ಮಲಗಿಸಿ, ಸ್ಟೂಲು ಎಳೆದು, ಬೀರುವಿನ ಮೇಲಿಂದ ಹೆಂಡತಿಯ ಹಾಸಿಗೆ ಇಳಿಸಿದ.

ಅಮ್ಮ ಅಡ್ಡ ಬಂದಳು. "ಏನೋ ಇದು, ಹಗಲು ಹೊತ್ನಲ್ಲಿ?"

"ಇವಳು ಮಲಗ್ತಾಳೆ."

"ನಿಮ್ಮೆಲ್ಲರ ಜ್ವರಾನೂ ನಾನು ನಿಂತ್ಕೊಂಡೇ ನೋಡಿದೀನಿ. ಒಂದು ದಿನಾನೂ ಹಗಲಲ್ಲಿ ಬೆನ್ನು ನೆಲಕ್ಕೆ ಹಚ್ಚಿಲ್ಲ. ಇವಳೇನು ಬೆಣ್ಣೆ ಬೊಂಬೆನಾ? ಹಾಸಿಗೆ ಬಿಚ್ಚಿದ್ರೆ ಕಾಯಿಲೆ ಬರುತ್ತೆ ಕಣೋ."

"ಹಾಸಿಗೆ ಬೀರು ಮೇಲೇ ಇತ್ತಲ್ಲಮ್ಮ. ಆದ್ರೂ ಮನೆಮಂದಿಗೆಲ್ಲ ಬಂತು. ಇನ್ಯಾರು ಉಳಿದಿದಾರೆ ಅದು ಹಿಡಿಯೋಕೆ? ನನ್ನ ಹಾಸಿಗೇನ ನೀನೇ ಈಗ ಹಾಸಿದೆಯಲ್ಲ."

"ನೀನು ಗಂಡಸು."

"ಅದು ಕಾಯಿಲೆಗೆ ಹೇಗೆ ಗೊತ್ತಾಗುತ್ತೆ?"

ಅಮ್ಮ ಮುಖ ಗಂಟಿಕ್ಕಿ, ಎಲ್ಲ ಹೆಂಗಸರೂ ಹೀಗೇ ಮಾಡಿದ್ದರೆ ಮನೆಗಳು ಉಳಿಯುತ್ತಿದ್ದವೇ, ಚಿಕ್ಕಮ್ಮನನ್ನು ನೋಡಿ ಕಲಿಯಬೇಕು ಎಂದು ಹಳೆಯ ರಾಗ ತೆಗೆದಳು. ಹೆಂಡತಿಯೂ ಹಾಸಿಗೆಯಿಂದ ದೂರ ಸರಿದು, ಬೇಡ, ನಾಳೆ ಮಕ್ಕಳಿಗೆ ಹೆಚ್ಚುಕಡಿಮೆಯಾದರೆ ತನ್ನ ತಲೆಗೇ ಬರುತ್ತದೆ ಎಂದಳು. ಅವನು ಹುರಿ ಬಿಚ್ಚುತ್ತಲೇ ಇದ್ದ. ಬಿಗಿದ ಗಂಟು ಬಿಡಿಸಲು ಬಹಳ ಹೊತ್ತಾಯಿತು.

"ಅಮ್ಮ, ಲಿಫ್ಟಿಗೆ ಒಬ್ರು ಜಾಸ್ತಿ ಹತ್ತಿದ್ರೆ ಗಂಟೆ ಹೊಡ್ಕೊಂಡು ನಿಂತುಬಿಡುತ್ತೆ. ಅದನ್ನ ಯಾರೂ ಸೋಮಾರಿ ಅನ್ನಲ್ಲ. ಹತ್ತಿದವರು ಇಳೀತಾರೆ. ನಾವು ಇಳಿಯೋಣ."

ಹೆಂಡತಿ ಮಲಗಿದಳು. ಗಂಡ ಕಂಬಳಿ ಎಳೆಯುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಅಷ್ಟು ಬೇಗ ನಿದ್ದೆ ಬರುವ ಮನುಷ್ಯರನ್ನು ಅವನು ಕಂಡಿರಲಿಲ್ಲ.

ಇನ್ನು ಶುರುವಾಯಿತು ಲಿಫ್ಟಿನವನ ಪಾಡು. ಗುಂಡನಿಗೆ ಒಂದು ಚಮಚ ನೀರು ಕುಡಿಸುವುದು ಮೋಟಾರು ಬಿಚ್ಚಿ ಜೋಡಿಸುವುದಕ್ಕಿಂತ ಕಷ್ಟ ಎಂದು ಅರಿವಾಯಿತು. ಅರ್ಧ ಗಲ್ಲಕ್ಕೆ, ಅರ್ಧ ಅವನ ಅಂಗಿಗೆ. ಚಿನಕುರಳಿ ಮಲಗಿದಲ್ಲಿಂದಲೇ ಮೇಸ್ತ್ರಿಯಾದಳು: ಚಮಚವನ್ನು ಕೆನ್ನೆಯ ಕಡೆಯಿಂದ ಕೊಡಬೇಕಂತೆ, ಅಮ್ಮ ಮೊದಲು ಹಾಡುತ್ತಾಳಂತೆ. ಅವನು ಹಾಡಿದ. ಗುಂಡ ಗಾಬರಿಯಿಂದ ಬಾಯಿ ತೆರೆದ. ನೀರು ಒಳಗೆ ಹೋಯಿತು. ಔಷಧಿಯ ಅಳತೆಯನ್ನು ಬೆಳಕಿಗೆ ಹಿಡಿದು ನೋಡಿದ, ಮಗುವಿನ ಎದೆಯ ಏರಿಳಿತವನ್ನು ಉಸಿರು ಬಿಗಿಹಿಡಿದು ಗಮನಿಸಿದ. ನಡುನಡುವೆ ತಾನೂ ನೆಲಕ್ಕೊರಗಿ ಸುಧಾರಿಸಿಕೊಂಡ. ಇಷ್ಟನ್ನೆಲ್ಲ ಅವಳು ಒಬ್ಬಳೇ ಮಾಡುತ್ತಿದ್ದಳು, ಅದೂ ಒಂದಿಷ್ಟೂ ಸದ್ದಿಲ್ಲದೆ. ಮಲಗಿದ್ದ ಆ ಮುಖವನ್ನು ಮತ್ತೆ ಮತ್ತೆ ತಿರುಗಿ ನೋಡಿದ.

ಅಮ್ಮ ತುಟಿಪಿಟಕ್ಕೆನ್ನದೆ ಗಂಜಿ ಕಾಯಿಸಿಕೊಟ್ಟಳು. ಸಿಟ್ಟಿಗೆ ಮಾತು ಬಿಟ್ಟಿದ್ದಾಳೆ ಎಂದುಕೊಂಡ.

ಮರುದಿನ ಹೆಂಡತಿಯ ಜ್ವರ ಇಳಿಮುಖವಾಯಿತು. ಗುಂಡ ಲೋಟಕ್ಕೆ ತಾನೇ ಕೈ ಚಾಚಿದ. ಮಧ್ಯಾಹ್ನ ಅಮ್ಮನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಳ್ಳುವಾಗ ಲಿಫ್ಟಿನವನಿಗೆ ಬಟ್ಟಲಿಗಿಂತ ಆ ಕೈಯೇ ಬಿಸಿಯೆನಿಸಿತು. ಅವಳು ನಿಂತಿದ್ದಳು, ನೆಟ್ಟಗೆ, ಎಂದಿನ ಗತ್ತಿನಲ್ಲಿ. ಅವನು ಕಣ್ಣು ಕೆಳಗಿಳಿಸಿ ಅವಳ ಪಾದಗಳನ್ನು ನೋಡಿದ.

ನೇರ ಹೋಗಿ ಬೀರುವಿನ ಮೇಲಿಂದ ಎರಡನೆಯ ಹಾಸಿಗೆ ಇಳಿಸಿದ.

"ನಂಗಾ?" ಎಂದಳು ಅಮ್ಮ.

ಹಾಸಿದ ಮೇಲೂ ಬಹಳ ಹೊತ್ತು ಅದರ ಅಂಚಿನಲ್ಲಿ, ಪರರ ಮನೆಗೆ ಬಂದ ನೆಂಟರಂತೆ ಕೂತೇ ಇದ್ದಳು. ಸೊಸೆ ತನ್ನ ಹಾಸಿಗೆಯಿಂದ ಕೈ ಚಾಚಿ, "ಮಲ್ಕೊಳ್ಳಿ ಅತ್ತೆ, ಏನಾಗಲ್ಲ" ಎಂದು ಅವಳ ಮೊಣಕೈ ಹಿಡಿದಳು. ಆಗ ಅಮ್ಮ ಮೆಲ್ಲಗೆ ಒರಗಿದಳು. ಕಿಟಕಿಯ ಬಿಸಿಲು ಬಕೆಟ್ಟಿನ ನೀರಿಗೆ ಬಿದ್ದು, ಅಲ್ಲಿಂದ ಚಾವಣಿಗೆ ಹತ್ತಿ, ಅಲೆ ಅಲೆಯಾಗಿ ಆಡುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಇದೇ ಮನೆಯಲ್ಲಿದ್ದವಳು ಅದನ್ನು ಬಾಯಿ ತೆರೆದು ನೋಡಿದಳು.

"ಇದು ದಿನಾ ಹೀಗೇ ಬರುತ್ತಾ?"

"ದಿನಾ ಬರುತ್ತಜ್ಜಿ" ಎಂದಳು ಚಿನಕುರಳಿ.

ಆ ಬೆಳಕನ್ನೇ ನೋಡುತ್ತ ಅಮ್ಮ, ಯಾರೂ ಕೇಳದೆಯೇ, ಚಾವಣಿಗೆ ಹೇಳುವಂತೆ ಹೇಳಿದಳು:

"ಆವತ್ತು ನಿನ್ನ ಚಿಕ್ಕಮ್ಮ ಹಾಸಿಗೆ ಕೇಳಿದ್ಲು ಕಣೋ. ರಾತ್ರಿ ಬಿಚ್ಚಿದ್ರಾಯ್ತು ಅಂದೆ ನಾನು."

ಲಿಫ್ಟಿನವನು ಎರಡೂ ಹಾಸಿಗೆಗಳ ಹುರಿಯನ್ನು ನೆಲದಿಂದ ಎತ್ತಿಕೊಂಡು ಹೊರಗೆ ಹೋಗಿ, ಕಸದ ಡಬ್ಬಿಗೆ ಹಾಕಿ ಬಂದ.