ಮಗ್ಗದ ಮೇಲಿರುವುದನ್ನು ಅಳೆಯಬಾರದು

ನನಗೆ ಸಿಟ್ಟು ಬೇಗ. ಮೊಳಕಾಲ್ಮುರಿನ ನನ್ನ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಆ ಶುಕ್ರವಾರವೂ ಅದೇ ಆಯಿತು. ನಿಧಾನವಾಗಿ ಆಗುವ ಬದಲಾವಣೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಬಿಗಿನ್’, ‘ಸ್ಟಾರ್ಟ್’ ಹಾಕಿ, ಜೊತೆಗೆ ‘ಸ್ಲೋಲಿ’, ‘ಗ್ರ್ಯಾಜುಯಲಿ’ ಸೇರಿಸಿ ಎಂದು ವಾರವಿಡೀ ಬಡಿದುಕೊಂಡಿದ್ದೆ. ರಂಜಿತಾ ಎಂಬ ಹುಡುಗಿ ಮಾತ್ರ ‘ನೀರು ತಣ್ಣಗಿತ್ತು, ನೀರು ಬಿಸಿಯಾಯಿತು’ ಎಂದು ಎರಡೇ ಸಾಲು ಬರೆದು ಕೈ ತೊಳೆದುಕೊಂಡಿದ್ದಳು.

“ನಡುವೆ ಏನೂ ಆಗ್ಲೇ ಇಲ್ವೇನೇ? ಒಲೆ ಮುಂದೆ ಕಣ್ಮುಚ್ಕೊಂಡು ಕೂತಿದ್ದೆಯಾ?” ಎಂದು ರೇಗಿದೆ. ಕ್ಲಾಸು ಗೊಳ್ಳೆಂದಿತು. ಪಾಪ, ಹುಡುಗಿ ತಲೆ ತಗ್ಗಿಸಿದಳು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಫೋನಿಗೆ ಒಂದು ಸಂದೇಶ ಬಂತು. ಚಳ್ಳಕೆರೆಯ ಥೆರಪಿ ಕೇಂದ್ರದಿಂದ. ‘ಬೊಮ್ಮಯ್ಯ ಅವರ ಕೈಯಲ್ಲಿ ಎಂಟು ವಾರದಿಂದ ಏನೂ ಬದಲಾವಣೆ ಇಲ್ಲ. ಅವರ ಜಾಗವನ್ನು ಸೋಮವಾರ ಬೇರೆಯವರಿಗೆ ಕೊಡುತ್ತಿದ್ದೇವೆ. ಕ್ಷಮಿಸಿ.’ ಬುತ್ತಿಯನ್ನು ಹಾಗೇ ಮುಚ್ಚಿಟ್ಟೆ.

ಬೊಮ್ಮಯ್ಯನವರು ನಾನು ಬಾಡಿಗೆಗಿರುವ ಮನೆಯ ಯಜಮಾನರು. ಅವರೂ ಹೆಂಡತಿ ಗೋವಿಂದಮ್ಮನೂ ರೇಷ್ಮೆ ಸೀರೆ ನೇಯುವವರು. ತಮ್ಮತಮ್ಮಲ್ಲಿ ತೆಲುಗು, ನನ್ನೊಂದಿಗೆ ಕನ್ನಡ. ಮೂರು ತಿಂಗಳ ಹಿಂದೆ ಬೊಮ್ಮಯ್ಯನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ತೊದಲಿತು. ಥೆರಪಿ ಕೇಂದ್ರದವರು ಒಮ್ಮೆ ನೋಡಿ, ಮನೆಯಲ್ಲಿ ಮಾಡಬೇಕಾದ ಕಸರತ್ತು ಕಲಿಸಿ ಕಳಿಸಿದ್ದರು. ಕೈ ಹೇಗಿದೆ ಎಂದು ವಾರಕ್ಕೊಂದು ಹಾಳೆ ಬರೆದು ಅದರ ಫೋಟೋ ಕಳಿಸಬೇಕು. ಎಂಟು ವಾರದಲ್ಲಿ ಚೂರಾದರೂ ಸುಧಾರಿಸಿದವರಿಗೆ ಅಲ್ಲೇ ಆರು ವಾರ ಬೆರಳುಗಳಿಗೆ ತರಬೇತಿ, ಅದೂ ಪುಕ್ಕಟೆ. ಥೆರಪಿಸ್ಟ್ ಕೇರಳದ ಹುಡುಗಿ, ಕನ್ನಡ ಓದಲು ಬಾರದು. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಪ್ರತಿ ಭಾನುವಾರ ಪೆನ್ನು ಹಿಡಿದು ಕೇಳುತ್ತಿದ್ದೆ. ಗೋವಿಂದಮ್ಮನದು ಒಂದೇ ಉತ್ತರ: “ಇನ್ನೂ ಇಲ್ಲ ಟೀಚರಮ್ಮ.” ನಾನು ‘ನೋ ಚೇಂಜ್’ ಎಂದು ಬರೆಯುತ್ತಿದ್ದೆ. ಅವರು ಗಂಡನ ಎಡಗೈ ಹೆಬ್ಬೆಟ್ಟಿಗೆ ಶಾಯಿ ಸವರಿ ಹಾಳೆಗೆ ಒತ್ತಿಸುತ್ತಿದ್ದರು. ಎಂಟು ಹಾಳೆ, ಎಂಟು ಹೆಬ್ಬೆಟ್ಟು.

ಹನ್ನೆರಡನೇ ವಯಸ್ಸಿಗೆ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟ ಮನುಷ್ಯ ಅವರು. “ಕೈ ಬರ್ಲಿಲ್ಲ ಅಂದ್ರೆ ಇವ್ರು ಉಳಿದೂ ಉಳಿದಂಗಲ್ಲ ಟೀಚರಮ್ಮ” ಎಂದು ಗೋವಿಂದಮ್ಮ ಒಂದು ದಿನ ಹಿತ್ತಲಲ್ಲಿ ಅತ್ತಿದ್ದರು. ಈಗ ನಾನು ಹೋಗಿ ಈ ಸುದ್ದಿ ಹೇಳಬೇಕು. ಸಂಜೆ ಶಾಲೆಯಿಂದ ಮನೆಗೆ ಬೇಕೆಂದೇ ಸುತ್ತಿಕೊಂಡು ಹೋದೆ.

ಮಗ್ಗದ ಕೋಣೆಯಲ್ಲಿ ಉದ್ದ ಎಳೆಗಳ ಹಳೆಯ ಹಾಸು ನೇಯ್ದು ಮುಗಿದಿತ್ತು. ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತ ಗೋವಿಂದಮ್ಮ ಕೂತಿದ್ದರು. ಸಾವಿರಾರು ಎಳೆ. ಬೆರಳು ಜಾರದಿರಲೆಂದು ಬೂದಿ ಮುಟ್ಟಿಕೊಂಡು ಹೊಸೆಯುತ್ತಾರೆ. ಎದುರಿಗೆ ಬೊಮ್ಮಯ್ಯನವರು. ಅವರು ಒಂದು ಎಳೆ ಎತ್ತಿದರು, ಬೀಳಿಸಿದರು, ಮತ್ತೆ ಎತ್ತಿ ಹೆಂಡತಿಗೆ ಕೊಟ್ಟರು. ಬೂದಿ ಅಂಟಿದ್ದು ಬಲಗೈ ಬೆರಳಿಗೆ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಗೋವಿಂದಮ್ಮಾರೇ, ಇದು ಯಾವಾಗಿಂದ?”

“ಏನು?”

“ಏನು ಅಂತೀರಾ! ಆ ಕೈ!”

ಅವರು ಸರಕ್ಕನೆ ಸೆರಗು ಎಳೆದು ಗಂಡನ ಕೈ ಮೇಲೆ ಹಾಕಿದರು. “ಮೂರು ವಾರ ಆತೇನೋ. ಜೋರಾಗಿ ಅನ್ಬ್ಯಾಡ್ರಿ.”

ನನ್ನ ಸಿಟ್ಟು ನೆತ್ತಿಗೇರಿತು. “ಮೂರು ವಾರ! ವಾರ ವಾರ ಬಂದು ಕೇಳಿದ್ನಲ್ರೀ? ಇನ್ನೂ ಇಲ್ಲ ಅಂತ ಯಾಕೆ ಹೇಳಿದ್ರಿ? ಅಲ್ಲಿ ಜಾಗ ಹೋಯ್ತು! ಸೋಮವಾರ ಬೇರೆಯವರಿಗೆ ಕೊಡ್ತಾರಂತೆ!”

ಗೋವಿಂದಮ್ಮನ ಮುಖ ಬಿಳಿಚಿತು. “ಅಯ್ಯೋ ದೇವ್ರೇ… ಮಗ್ಗದ ಮ್ಯಾಗ ಇರೋದನ್ನ ಯಾರಾನ ಅಳೀತಾರಾ ಟೀಚರಮ್ಮ? ಕೊಯ್ದು ಕೆಳಗಿಳಿಸೋ ತನಕ ಆತು ಅನ್ಬಾರ್ದು. ನಮ್ಮತ್ತೆ ಅನ್ತಿರ್ಲಿಲ್ಲ, ನಾನೂ ಅಂದಿಲ್ಲ. ಅಂದ್ರೆ ನಿಂತೋಗ್ತೈತೆ.”

ಆಗ ನೆನಪಾಯಿತು. ಈ ಮನೆಗೆ ಬಂದ ಹೊಸದರಲ್ಲಿ ಮಗ್ಗ ನೋಡಿ “ಸೀರೆ ಎಷ್ಟಾಯ್ತು?” ಎಂದು ಕೇಳಿದ್ದೆ. ಗೋವಿಂದಮ್ಮ ನೇಯ್ದಷ್ಟರ ಮೇಲೆ ಟವೆಲ್ಲು ಹೊದಿಸಿ “ಇನ್ನೂ ಇಲ್ಲ” ಎಂದಿದ್ದರು. ಬಿಗುಮಾನದ ಹೆಂಗಸು ಎಂದುಕೊಂಡು ಸುಮ್ಮನಾಗಿದ್ದೆ. ಮುಕ್ಕಾಲು ನೇಯ್ದ ಸೀರೆಗೂ ಆ ಮನೆಯಲ್ಲಿ ಅದೇ ಉತ್ತರ. ಗಂಡನ ಕೈಯನ್ನೂ ಅವರು ಹಾಗೆಯೇ ಹೊದಿಸಿ ಕಾಪಾಡಿಕೊಂಡಿದ್ದರು. ಮತ್ತೆ ನಾನು? ಒಂದೇ ಸೂರಿನಡಿ ಇದ್ದುಕೊಂಡು, ಒಂದು ದಿನವೂ ಆ ಕೈಯನ್ನು ಕಣ್ಣಾರೆ ನೋಡದೆ ‘ನೋ ಚೇಂಜ್’ ಬರೆದವಳು ನಾನು. ರಂಜಿತಾಳನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು.

ನೆಲದ ಮೇಲೆ ಅವರ ಪಕ್ಕದಲ್ಲಿ ಕೂತೆ.

“ನೋಡ್ರಿ, ಆಯ್ತು ಅಂತ ಬರೆಯಲ್ಲ. ಶುರುವಾಗಿದೆ ಅಂತಷ್ಟೇ ಬರೀತೀನಿ. ಮೆಲ್ಲಗೆ, ಸ್ವಲ್ಪ ಸ್ವಲ್ಪ ಅಂತ ಜೊತೆಗೆ ಸೇರಿಸ್ತೀನಿ. ಇಂಗ್ಲಿಷಲ್ಲಿ ಅದಕ್ಕೇ ಅಂತ ಮಾತಿದೆ. ಮುಗೀದೇ ಇರೋದನ್ನ ಮುಗೀತು ಅನ್ನದೇ ಹೇಳ್ಬಹುದು.”

“ಮುಗೀತು ಅಂದಂಗೆ ಆಗಲ್ವಾ?”

“ನನ್ನಾಣೆ, ಆಗಲ್ಲ.”

ಗೋವಿಂದಮ್ಮ ಗಂಡನ ಕಡೆ ತಿರುಗಿದರು. “ಏಮಂಡಿ?”

ಬೊಮ್ಮಯ್ಯನವರು ಸೆರಗಿನಡಿಯಿಂದ ಕೈ ಹೊರತೆಗೆದರು. ಬೆರಳು ನೋಡಿಕೊಂಡು, ಬಾಯಿ ಓರೆಮಾಡಿ ನಿಧಾನಕ್ಕೆ ಅಂದರು: “ಕೊಂಚೆಂ… ಕೊಂಚೆಂ.”

ಅಷ್ಟೇ ಸಾಕಾಯಿತು. ಗೋವಿಂದಮ್ಮ ಶುರುಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಆರನೇ ವಾರ ಹೆಬ್ಬೆರಳು ಮಿಸುಕಿದ್ದು. ನಿದ್ದೆಯಲ್ಲಿ ತಮ್ಮ ಬಳೆ ಹಿಡಿದುಕೊಂಡದ್ದು. ಖಾಲಿ ಲೋಟ ಎತ್ತಿದ್ದು, ಆಮೇಲೆ ಅರ್ಧ ನೀರಿರುವ ಲೋಟ, ಅದು ಚೆಲ್ಲಿ ಇಬ್ಬರೂ ನಕ್ಕದ್ದು. ಒಂದು ದಿನವೂ ತಪ್ಪದೆ ಎಲ್ಲ ಲೆಕ್ಕವಿಟ್ಟಿದ್ದರು. ಹೇಳುತ್ತಾ ಹೇಳುತ್ತಾ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಂಡು ಮುಖಕ್ಕೆಲ್ಲ ಬೂದಿಯಾಗಿತ್ತು. ನಾನು ಬರೆದೆ. ‘ಎತ್ತಲು ಆರಂಭಿಸಿದ್ದಾರೆ.’ ‘ಹಿಡಿತ ಮೆಲ್ಲಮೆಲ್ಲಗೆ ಬರತೊಡಗಿದೆ.’ ಇಪ್ಪತ್ತು ವರ್ಷ ಮಕ್ಕಳಿಗೆ ಉರುಹೊಡೆಸಿದ ಮಾತುಗಳು ಇವು. ಅವತ್ತು ಬರೆಯುವಾಗ ನನಗೇ ಅಳು ಬಂತು. ಕೊನೆಗೆ, ಹಿಂದಿನ ಹಾಳೆಗಳ ತಪ್ಪು ಬರೆದವಳದೆಂದು ನನ್ನ ಹೆಸರನ್ನೂ ಹಾಕಿದೆ.

ಗೋವಿಂದಮ್ಮ ಶಾಯಿ ಡಬ್ಬಿ ತಂದು ಗಂಡನ ಎಡಗೈ ಹಿಡಿದರು. ಅವರು ಬಿಡಿಸಿಕೊಂಡರು. ಪೆನ್ನು ಬೇಕೆಂದು ಬಲಗೈ ಚಾಚಿದರು. ನಾನು ಬೆರಳ ಸಂದಿಗೆ ಪೆನ್ನು ಸಿಕ್ಕಿಸಿದೆ. ‘ಬೊ’ ಮೂಡಿತು, ಸೊಟ್ಟಗೆ, ಕಾಲು ಹಾಳೆಯಷ್ಟು ದೊಡ್ಡದಾಗಿ. ‘ಮ್ಮ’ಕ್ಕೆ ಕೈ ನಡುಗಿ ಪೆನ್ನು ಜಾರಿತು. ಮತ್ತೆ ಎತ್ತಿಕೊಳ್ಳಲು ಹೋದರು.

“ಸಾಕು” ಎಂದರು ಗೋವಿಂದಮ್ಮ. “ಉಳಿದದ್ದು ಹಂಗೇ ಮಗ್ಗದ ಮ್ಯಾಗಿರ್ಲಿ. ಕಳ್ಸ್ರಿ ಟೀಚರಮ್ಮ.”

ಶನಿವಾರ ಹನ್ನೊಂದಕ್ಕೆ ಉತ್ತರ ಬಂತು. ‘ಸಹಿ ನೋಡಿದೆ. ಸೋಮವಾರ ಹತ್ತಕ್ಕೆ ಕರೆತನ್ನಿ.’

ಸೋಮವಾರ ನಾನು ರಜೆ ಹಾಕಿ ಜೊತೆಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಹಿಂದಿನ ಬೀದಿಯ ಯರ್ರಮ್ಮ ಎದುರಾದರು. “ಏನಮ್ಮ ಗೋವಿಂದಮ್ಮ, ಯಜಮಾನ್ರು ಹೆಂಗದಾರೆ? ಕೈ ಬಂತಾ?”

ಗೋವಿಂದಮ್ಮನ ಬಾಯಲ್ಲಿ “ಇನ್ನೂ…” ಎಂದು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಚಳ್ಳಕೆರೆ ಬಸ್ಸು ಬಂತು. ಬೊಮ್ಮಯ್ಯನವರು ಎಡಗೈಯಲ್ಲಿ ಕೋಲು ಹಿಡಿದಿದ್ದರು, ಬಲಗೈಯನ್ನು ಬಾಗಿಲ ಕಂಬಿಗೆ ಹಾಕಿ ಹತ್ತಿದರು. ಗೋವಿಂದಮ್ಮ ಆ ಕೈಯನ್ನು ನೋಡಿದರು. ಸೆರಗು ಎಳೆದು ಮುಚ್ಚಲು ಹೋಗಲಿಲ್ಲ.

“ಶುರು ಆಗೈತೆ ಕಣಮ್ಮ” ಎಂದರು ಯರ್ರಮ್ಮನಿಗೆ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ.